ಉಣ್ಣುವವನು ಒಬ್ಬನಲ್ಲ

ಗೃಹಸ್ಥನು ಎಡೆಯ ಮುಂದೆ ಕುಳಿತು ತುತ್ತನ್ನೆತ್ತುವಾಗ, ಉಣ್ಣುವವನು ತಾನೊಬ್ಬನೇ ಎಂದು ಭಾವಿಸುವುದು ಸಹಜ. ಆದರೆ ಅವನ ಒಡಲಿನೊಳಗೆ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಕಣ್ಣಿಗೆ ಕಾಣದ ಅಣುಜೀವಿಗಳ ಮಹಾಸಮೂಹವೊಂದು ಅದೇ ತುತ್ತಿಗಾಗಿ ಕಾದಿರುತ್ತದೆ. ಇವುಗಳಿಗೆ ಬ್ಯಾಕ್ಟೀರಿಯಾ ಎಂದು ಹೆಸರು. 2016ರಲ್ಲಿ ಪ್ರಕಟವಾದ ಗಣನೆಯಂತೆ ಒಬ್ಬ ಮನುಷ್ಯನ ದೇಹದಲ್ಲಿ ಇವು ಸುಮಾರು 38 ಲಕ್ಷ ಕೋಟಿ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಹೀಗಿರಲು ‘ನನ್ನ ದೇಹ, ನನ್ನ ಊಟ’ ಎಂಬ ಅಹಂಕಾರದ ಮಾತಿಗೆ ಆಧಾರವೆಲ್ಲಿ?

ಈ ಅತಿಥಿಗಳು ಬರಿದೆ ಉಂಡು ಮಲಗುವವರಲ್ಲ, ಅವರಿಗೂ ಕಾಯಕವುಂಟು. ಕಾಳು, ಸೊಪ್ಪು, ಹೊಟ್ಟು ತೆಗೆಯದ ಧಾನ್ಯ ಇವುಗಳಲ್ಲಿರುವ ನಾರಿನ ಬಹುಭಾಗವನ್ನು ಜೀರ್ಣಿಸುವ ಶಕ್ತಿ ಮನುಷ್ಯನ ಜಠರಕ್ಕಿಲ್ಲ. ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್ ಮೊದಲಾದ ಆಮ್ಲಗಳನ್ನಾಗಿ ಮಾರ್ಪಡಿಸುವುವು. ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಈ ಆಮ್ಲಗಳೇ ಕರುಳಿನ ಕೆಲವು ಕೋಶಗಳನ್ನು ಪ್ರೇರಿಸಿ, ‘ಇನ್ನು ಸಾಕು’ ಎಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ ರಸಗಳನ್ನು ಹೊರಡಿಸುವುವು. ತೃಪ್ತಿಯೆಂಬುದು ನಾಲಗೆಯಲ್ಲಿ ಮಾತ್ರವಿಲ್ಲ ಎಂಬುದು ಇದರಿಂದ ವಿದಿತವಾಗುವುದು.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಗಾರ್ಡನ್ ಮತ್ತು ಅವರ ಸಂಗಡಿಗರು 2004ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಯಾವ ಅಣುಜೀವಿಯ ಸೋಂಕೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ, ಸಾಧಾರಣ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಡಲಾಯಿತು. ಅವು ಮೊದಲಿಗಿಂತ ಕಡಿಮೆ ತಿಂದರೂ 14 ದಿನಗಳಲ್ಲಿ ಅವುಗಳ ಮೈಯ ಕೊಬ್ಬು ಶೇಕಡಾ 60ರಷ್ಟು ಹೆಚ್ಚಿತು. ಉಂಡ ಅನ್ನದಿಂದ ಎಷ್ಟು ಸಾರವನ್ನು ಹೀರಬೇಕು, ಎಷ್ಟನ್ನು ಕೊಬ್ಬಾಗಿ ಕೂಡಿಡಬೇಕು ಎಂಬುದರಲ್ಲಿ ಒಳಗಿನ ಅತಿಥಿಗಳ ಕೈಯೂ ಇದೆ.

2013ರಲ್ಲಿ ಅದೇ ವಿದ್ವಾಂಸರ ತಂಡದಿಂದ ಬಂದ ಪ್ರಯೋಗವು ಇನ್ನೂ ಬೋಧಪ್ರದವಾದುದು. ಅವಳಿ ಸೋದರಿಯರಲ್ಲಿ ಒಬ್ಬಳು ಸ್ಥೂಲಕಾಯಳು, ಇನ್ನೊಬ್ಬಳು ತೆಳುವಾದವಳು. ಅವರಿಬ್ಬರ ಕರುಳಿನ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ಇಲಿಗಳಿಗೆ ಕೊಡಲಾಯಿತು. ಸ್ಥೂಲಳಿಂದ ಪಡೆದ ಇಲಿಗಳಲ್ಲಿ ಹೆಚ್ಚು ಕೊಬ್ಬು ಬೆಳೆಯಿತು. ಎರಡು ಬಗೆಯ ಇಲಿಗಳನ್ನೂ ಒಂದೇ ಗೂಡಿನಲ್ಲಿರಿಸಿದಾಗ, ತೆಳುವಾದವುಗಳ ಬ್ಯಾಕ್ಟೀರಿಯಾಗಳು ಇನ್ನೊಂದು ಬಗೆಯ ಇಲಿಗಳ ಕರುಳನ್ನು ಸೇರಿ ಕೊಬ್ಬು ಬೆಳೆಯುವುದನ್ನು ತಡೆದುವು. ಆದರೆ ಈ ಸತ್ಫಲ ದೊರೆತುದು ಕೊಬ್ಬು ಕಡಿಮೆಯಿದ್ದು ನಾರು ಹೆಚ್ಚಿದ್ದ ಆಹಾರವನ್ನಿಟ್ಟಾಗ ಮಾತ್ರ. ಕೊಬ್ಬು ತುಂಬಿ, ಹಣ್ಣು ತರಕಾರಿಗಳು ಕಡಿಮೆಯಾದ ಆಹಾರವನ್ನಿಟ್ಟಾಗ ಆ ಒಳ್ಳೆಯ ಅತಿಥಿಗಳು ಅಲ್ಲಿ ನೆಲೆ ನಿಲ್ಲಲಿಲ್ಲ.

ಇಲ್ಲಿಯೇ ತತ್ತ್ವವಿರುವುದು. ಸಜ್ಜನರ ಸಂಗ ದೊರೆತರೆ ಸಾಲದು. ಅವರು ನಿಲ್ಲುವಂತಹ ಆಚಾರ ಮನೆಯಲ್ಲಿರಬೇಕು. ಬಂದ ಜಂಗಮನನ್ನು ಬಾಗಿಲಲ್ಲಿ ಸ್ವಾಗತಿಸಿ, ಒಳಗೆ ಉಪವಾಸ ಕೆಡಹಿದವನ ದಾಸೋಹ ದಾಸೋಹವೆನಿಸುವುದೆ? ನಾಲಗೆ ಬಯಸಿದ ಎಣ್ಣೆ ಸಕ್ಕರೆಗಳನ್ನಷ್ಟೇ ಒಡಲಿಗೆ ಸುರಿಯುವವನು ತನ್ನ ಅತಿಥಿಗಳನ್ನು ಹಾಗೆಯೇ ನಡೆಸಿಕೊಳ್ಳುತ್ತಾನೆ.

ಆದರೂ ಎಲ್ಲವನ್ನೂ ಬ್ಯಾಕ್ಟೀರಿಯಾಗಳ ತಲೆಗೆ ಕಟ್ಟುವುದು ಯುಕ್ತವಲ್ಲ. ನೆದರ್ಲೆಂಡ್ಸ್ ದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೆಳುವಾದವರ ಕರುಳಿನ ಬ್ಯಾಕ್ಟೀರಿಯಾಗಳನ್ನು ಪಡೆದ ಸ್ಥೂಲಕಾಯರ ದೇಹವು ಆರು ವಾರಗಳ ಬಳಿಕ ಇನ್ಸುಲಿನ್ನಿನ ಮಾತನ್ನು ಮೊದಲಿಗಿಂತ ಚೆನ್ನಾಗಿ ಕೇಳಿತು. ತೂಕ ಮಾತ್ರ ಇಳಿಯಲಿಲ್ಲ. ವಂಶ, ನಿದ್ರೆ, ದುಡಿಮೆ, ಔಷಧ, ಬಡತನ ಇವೆಲ್ಲಕ್ಕೂ ಬೊಜ್ಜಿನಲ್ಲಿ ಪಾಲುಂಟು. ಆದುದರಿಂದ ದಪ್ಪಗಿರುವವರನ್ನು ಕಂಡು ‘ಹೊಟ್ಟೆಬಾಕ’ ಎಂದು ಹಳಿಯುವವನು ಅರಿಯದೆ ಆಡುತ್ತಾನೆ. ಅವರ ನೋವನ್ನು ಹೆಚ್ಚಿಸುವುದರಿಂದ ಯಾರ ತೂಕವೂ ಇಳಿಯದು.

ಮನೆಯೊಡತಿಯೂ ಯಜಮಾನನೂ ಮಾಡಬಹುದಾದುದು ಸರಳವಾಗಿದೆ. ಜೋಳದ ರೊಟ್ಟಿ, ರಾಗಿಮುದ್ದೆ, ಹುರುಳಿ, ಹೆಸರು, ಸೊಪ್ಪಿನ ಪಲ್ಯಗಳಿಗೆ ಎಡೆಯಲ್ಲಿ ಮತ್ತೆ ಸ್ಥಾನ ದೊರೆಯಲಿ. ಹಸಿವಿಗೆ ತಕ್ಕಷ್ಟೇ ಬಡಿಸಲಿ. ಮಧುಮೇಹವಿದ್ದವರು ವೈದ್ಯರ ಮಾತನ್ನು ಬಿಡದಿರಲಿ. ಪ್ರಸಾದವೆಂದು ಸ್ವೀಕರಿಸಿದವನು ಹಂಚಿ ಉಣ್ಣುತ್ತಾನೆ. ತನ್ನೊಳಗೆ ಹಂಚಿಕೊಳ್ಳುವವರಿದ್ದಾರೆಂದು ಅರಿತವನ ಕೈ, ‘ಸಾಕು’ ಎಂಬಲ್ಲಿ ತಾನೇ ನಿಲ್ಲುವುದು.