ದಂಡಧರ್ಮವೂ ಜನಮನದ ಅವಸರವೂ



ದಂಡವಿಲ್ಲದೆ ರಾಜ್ಯವು ನಿಲ್ಲದು. ಆದರೆ ದಂಡವೆಲ್ಲವೂ ಧರ್ಮವಾಗದು. ಕೌಟಿಲ್ಯನು ಅರ್ಥಶಾಸ್ತ್ರದ ಆರಂಭದಲ್ಲಿಯೇ ಇದನ್ನು ವಿವೇಚಿಸಿದ್ದಾನೆ. ತೀಕ್ಷ್ಣದಂಡವು ಪ್ರಜೆಗಳನ್ನು ತಲ್ಲಣಗೊಳಿಸುತ್ತದೆ. ಮೃದುದಂಡವು ತಿರಸ್ಕಾರಕ್ಕೆ ಪಾತ್ರವಾಗುತ್ತದೆ. ಅಪರಾಧಕ್ಕೆ ತಕ್ಕ ದಂಡವು ಮಾತ್ರವೇ ಗೌರವಾರ್ಹವೆಂಬುದು ಅವನ ನಿರ್ಣಯ. ಈ ಮೂರರಲ್ಲಿ ಯಾವುದನ್ನು ನಾವಿಂದು ಪೊಲೀಸರಿಂದ ಬಯಸುತ್ತಿದ್ದೇವೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ.

ಜನರ ವರ್ತನೆಯಲ್ಲೊಂದು ವೈರುಧ್ಯವಿದೆ. ನೆರೆಮನೆಯಲ್ಲಿ ಕಳವಾದಾಗ, ಸಂಶಯಕ್ಕೆ ಒಳಗಾದವನಿಗೆ ನಾಲ್ಕು ಬಿಗಿದರೆ ತಾನಾಗಿ ಬಾಯಿಬಿಡುತ್ತಾನೆ ಎನ್ನುವವರು ನಾವೇ. ನಮ್ಮ ಮಗನನ್ನು ಠಾಣೆಗೆ ಕರೆದೊಯ್ದಾಗ ಕಾನೂನಿನ ಕಲಮುಗಳನ್ನು ಹುಡುಕುವವರೂ, ಪ್ರಭಾವಶಾಲಿಗಳಿಂದ ಹೇಳಿಸುವವರೂ ನಾವೇ. 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನರು ಪೊಲೀಸರ ಮೇಲೆ ಹೂವಿನ ಮಳೆಗರೆದರು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿಯು 2022ರಲ್ಲಿ ಬೆಳಕಿಗೆ ಬಂದಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಅದು ಅಭಿಪ್ರಾಯಪಟ್ಟಿತು. ಆ ಹೆಣ್ಣುಮಗಳಿಗಾದ ಘೋರ ಅನ್ಯಾಯಕ್ಕೆ ಜನರು ಕೆರಳಿದ್ದು ಸಹಜ. ಆದರೆ ವಿಚಾರಣೆಯೇ ನಡೆಯದ ಕಾರಣ ಅಪರಾಧವು ನ್ಯಾಯಪೀಠದ ಮುಂದೆ ಸಿದ್ಧವಾಗಲೇ ಇಲ್ಲ.

ದೂರದ ಮಾತೇಕೆ? ಕೊಡಗಿನ ಕುಶಾಲನಗರದ ಕಡೆಯ ಬುಡಕಟ್ಟಿನ ಬಡವನೊಬ್ಬನು ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ದೂರು ಕೊಟ್ಟನು. ಮೈಸೂರು ಜಿಲ್ಲೆಯಲ್ಲಿ ದೊರೆತ ಅಸ್ಥಿಪಂಜರವೊಂದು ಅವಳದೇ ಎಂದು ನಿರ್ಧರಿಸಿ, ಕೊಲೆಯ ಆರೋಪದ ಮೇಲೆ ಅವನನ್ನೇ ಸೆರೆಗೆ ಕಳುಹಿಸಲಾಯಿತು. ಡಿ.ಎನ್.ಎ. ಪರೀಕ್ಷೆಯು ತಾಳೆಯಾಗದಿದ್ದರೂ ಮೊಕದ್ದಮೆಯು ನಿಲ್ಲಲಿಲ್ಲ. ಅವನು ಸುಮಾರು ಒಂದೂವರೆ ವರ್ಷ ಸೆರೆಯಲ್ಲಿ ಕಳೆದನು. 2025ರ ಏಪ್ರಿಲಿನಲ್ಲಿ ಆ ಹೆಂಡತಿಯು ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಹಾಗಾದರೆ ಆ ಅಸ್ಥಿಗಳು ಯಾರವು? ಆ ಮೃತಜೀವಕ್ಕೆ ನ್ಯಾಯವೆಲ್ಲಿ? ನಿರಪರಾಧಿಯ ತಲೆಗೆ ಅಪರಾಧವನ್ನು ಕಟ್ಟಿದಾಗ ಅನ್ಯಾಯವು ಇಮ್ಮಡಿಯಾಗುತ್ತದೆ. ನಿಜವಾಗಿ ನೊಂದವರ ಕೂಗು ಕಡತದಲ್ಲಿಯೇ ಹೂತುಹೋಗುತ್ತದೆ.

ಮಾಂಡವ್ಯ ಋಷಿಯ ಕಥೆಯನ್ನು ನೀವು ಪುರಾಣಶ್ರವಣದಲ್ಲಿ ಕೇಳಿರುತ್ತೀರಿ. ಕಳ್ಳರು ಆಶ್ರಮದಲ್ಲಿ ಬಚ್ಚಿಟ್ಟ ಸೊತ್ತು ರಾಜಭಟರ ಕೈಗೆ ಸಿಕ್ಕಿತು. ಮೌನವ್ರತದಲ್ಲಿದ್ದ ಮುನಿಯನ್ನು ಶೂಲಕ್ಕೇರಿಸಿದರು. ಇದೇ ಮಾಂಡವ್ಯನ ಹೆಸರನ್ನೆತ್ತಿ ಕೌಟಿಲ್ಯನು, ಹಿಂಸೆಯ ಭಯದಿಂದ ಕಳ್ಳನಲ್ಲದವನೂ ತಾನು ಕಳ್ಳನೆಂದು ಒಪ್ಪಿಕೊಂಡಾನು, ಆದುದರಿಂದ ಪೂರ್ಣ ಪ್ರಮಾಣವು ದೊರೆತ ಮೇಲೆಯೇ ದಂಡಿಸಬೇಕು ಎಂದು ಎಚ್ಚರಿಸಿದ್ದಾನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಮಾಂಡವ್ಯನ ಕಥೆಯು ಅಲ್ಲಿಗೇ ಮುಗಿಯುವುದಿಲ್ಲ. ಬಾಲ್ಯದಲ್ಲಿ ಹುಳುವೊಂದನ್ನು ಚುಚ್ಚಿದ ಸಣ್ಣ ತಪ್ಪಿಗೆ ಶೂಲದ ಶಿಕ್ಷೆಯೇ ಎಂದು ಮುನಿಯು ಯಮಧರ್ಮನನ್ನೇ ಶಪಿಸಿದನು. ಆ ಧರ್ಮನೇ ವಿದುರನಾಗಿ ಭೂಮಿಯಲ್ಲಿ ಜನಿಸಬೇಕಾಯಿತು. ದಂಡಧರನಾದ ಯಮನೂ ಅಳತೆ ಮೀರಿದ ದಂಡನೆಗೆ ಉತ್ತರ ಕೊಡಬೇಕಾಯಿತೆಂಬುದು ಗಮನಾರ್ಹ.

ಈ ಅಳತೆಯ ವಿವೇಕವು ಮಾದಕ ಪದಾರ್ಥಗಳ ವಿಷಯದಲ್ಲಿ ಅತ್ಯಂತ ಅವಶ್ಯ. 1985ರ ಮಾದಕ ದ್ರವ್ಯಗಳ ಅಧಿನಿಯಮವು ಕಠೋರವಾದುದು. ಆದರೂ ಅದು ಕುರುಡಲ್ಲ. ಗಾಂಜಾ 1 ಕಿಲೋಗ್ರಾಮಿನವರೆಗೆ ಇದ್ದರೆ ಅಲ್ಪ ಪ್ರಮಾಣವೆಂದು ಹೆಚ್ಚೆಂದರೆ 1 ವರ್ಷದ ಸೆರೆ; 20 ಕಿಲೋಗ್ರಾಮನ್ನು ಮೀರಿದರೆ ಕನಿಷ್ಠ 10 ವರ್ಷ. ಅಲ್ಪ ಪ್ರಮಾಣದೊಡನೆ ಸಿಕ್ಕ ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಪ್ಪಿದರೆ 64ಎ ಕಲಮಿನ ಮೇರೆಗೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯುಂಟು. ಇದನ್ನು ಬಲ್ಲ ತಂದೆತಾಯಿಗಳು ವಿರಳ. ಮಾನ ಹೋದೀತೆಂದು ಮಗನ ವ್ಯಸನವನ್ನು ಮುಚ್ಚಿಡುವವರು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೇ ವ್ಯಸನ ಚಿಕಿತ್ಸೆಯ ವ್ಯವಸ್ಥೆಯಿರುವುದನ್ನು ಮರೆಯಬಾರದು.

ಇಂತಹ ನಿಯಮಗಳಿಂದ ವಿಷ ಮಾರುವವನು ಪಾರಾಗುತ್ತಾನೆ, ನ್ಯಾಯಾಲಯಗಳ ವಿಳಂಬವಂತೂ ಅಸಹನೀಯ ಎಂದು ಕೆಲವರು ಆಕ್ಷೇಪಿಸುತ್ತಾರೆ. ವಿಳಂಬದ ಮಾತು ಸತ್ಯ. ಅದಕ್ಕೆ ಪರಿಹಾರವು ಬೇಕೇ ಬೇಕು. ಆದರೆ ಅಡ್ಡದಾರಿಯಿಂದ ಮಾರಾಟಗಾರನಿಗೇ ಲಾಭ. ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಶೋಧನೆಯನ್ನು ಕೇಳುವ ಹಕ್ಕಿದೆಯೆಂದು ಆ ವ್ಯಕ್ತಿಗೆ ತಿಳಿಸಬೇಕೆನ್ನುತ್ತದೆ 50ನೆಯ ಕಲಮು. ಇದನ್ನು ಮೀರಿ ವಶಪಡಿಸಿಕೊಂಡ ಮಾಲನ್ನು ನಂಬಿ ಶಿಕ್ಷಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಿಯಮ ಮೀರಿದ ಅಧಿಕಾರಿಯು ಅಪರಾಧಿಗೆ ತಾನೇ ಬಾಗಿಲು ತೆರೆದಂತಾಗುತ್ತದೆ.

ಹಾಗಾದರೆ ರಕ್ಷಕನಿಗೆ ನಾವು ಸಲ್ಲಿಸಬೇಕಾದ ಗೌರವ ಯಾವುದು? ಉತ್ತರವು ನಮ್ಮ ಹೆಬ್ಬಾಳದ ಮಣ್ಣಿನಲ್ಲಿಯೇ ದೊರೆತಿದೆ. 2018ರಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಇಲ್ಲೊಂದು ವೀರಗಲ್ಲು ಬೆಳಕಿಗೆ ಬಂದಿತು. ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಆ ಶಿಲೆಯು ಊರಳಿವಿನಲ್ಲಿ ಹೋರಾಡಿ ಮಡಿದ ಕಿತ್ತಯ್ಯನ ಹೆಸರನ್ನು ಉಳಿಸಿದೆ. ಊರ ಮೇಲೆ ಬಂದ ಆಪತ್ತನ್ನು ತನ್ನ ಮೈಮೇಲೆ ತೆಗೆದುಕೊಂಡದ್ದಕ್ಕೆ ಹಿರಿಯರು ಅವನಿಗೆ ಕಲ್ಲು ನಿಲ್ಲಿಸಿದರು. ಕೈಕಟ್ಟಿ ಸಿಕ್ಕವನನ್ನು ಹೊಡೆದವನಿಗೆ ಯಾವ ಊರೂ ವೀರಗಲ್ಲು ನಿಲ್ಲಿಸಲಿಲ್ಲ.

ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ಪೊಲೀಸ್ ಇಲಾಖೆಯಲ್ಲಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ವೃತ್ತಿಯೂ ಕಾಯಕವೇ. ಹಬ್ಬದ ದಿನವೂ ಮನೆ ಸೇರದೆ ದುಡಿಯುವ ನಿಮ್ಮ ಕಷ್ಟವನ್ನು ಮಠವು ಬಲ್ಲದು. ಪ್ರಕರಣವನ್ನು ಬೇಗ ಮುಗಿಸಿರೆಂಬ ಒತ್ತಡವು ಮೇಲಿನಿಂದಲೂ ಜನರಿಂದಲೂ ಬಂದಾಗ, ಸತ್ಯವು ಇನ್ನೂ ಸಿಕ್ಕಿಲ್ಲವೆಂದು ಹೇಳುವ ಧೈರ್ಯವೇ ಆ ಕಾಯಕದ ಶುದ್ಧಿ.

ಉಳಿದ ಸದ್ಭಕ್ತರಿಗೂ ಕರ್ತವ್ಯವುಂಟು. ಪೊಲೀಸರು ಪಂಚನಾಮೆಗೆ ಕರೆದಾಗ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಕಣ್ಣಾರೆ ಕಂಡದ್ದನ್ನು ನ್ಯಾಯಾಲಯದಲ್ಲಿ ಹೇಳಲು ಹಿಂಜರಿಯುತ್ತೇವೆ. ಸಾಕ್ಷಿ ನುಡಿಯದ ಸಮಾಜವು ಲಾಠಿಯಿಂದ ಸತ್ಯವನ್ನು ಬಯಸುವುದು ನ್ಯಾಯವೇ? ಸಾಕ್ಷಿ ಹೇಳಿರಿ, ವ್ಯಸನಿಯನ್ನು ಚಿಕಿತ್ಸೆಗೆ ಕರೆತನ್ನಿರಿ, ತೀರ್ಪು ಬರುವ ತನಕ ಯಾರನ್ನೂ ಅಪರಾಧಿಯೆಂದು ಕರೆಯದಿರಿ. ನಮ್ಮ ಮಗನಿಗೆ ನಾವು ಬಯಸುವ ನ್ಯಾಯವನ್ನೇ ಪರರ ಮಗನಿಗೂ ಬಯಸಿದಂದು ದಂಡವು ಧರ್ಮವಾಗುತ್ತದೆ.