ರಾಗಕ್ಕೆ ಮಡಿ ಉಂಟೇ?

ಬಾಖ್‌ನ ಕಂಟಾಟಗಳ ಸಿ.ಡಿ.ಗಳಲ್ಲಿ ಸಾಮಾನ್ಯವಾಗಿ ದೇವರವು ಒಂದು ಕಡೆ, ಲೌಕಿಕದವು ಇನ್ನೊಂದು ಕಡೆ ಇರುತ್ತವೆ. ಕೇಳುತ್ತ ಹೋದರೆ ಈ ಗೋಡೆ ನಿಲ್ಲುವುದಿಲ್ಲ. 1733ರಲ್ಲಿ ಸ್ಯಾಕ್ಸನಿಯ ರಾಜಕುಮಾರನ ಹುಟ್ಟುಹಬ್ಬಕ್ಕೆ ಬರೆದ ಕೃತಿಯಲ್ಲಿ ಭೋಗವೆಂಬ ಹೆಣ್ಣು ಹರ್ಕ್ಯುಲಿಸ್‌ನನ್ನು ದಾರಿ ತಪ್ಪಿಸಲು ಜೋಗುಳ ಹಾಡುತ್ತಾಳೆ. ಮರುವರ್ಷ 'ಕ್ರಿಸ್‌ಮಸ್ ಒರಟೋರಿಯೊ'ದಲ್ಲಿ ಅದೇ ಜೋಗುಳ ಬಾಲಯೇಸುವಿಗೆ! ಶ್ರುತಿ ತಗ್ಗಿತು, ಕಂಠ ಬದಲಾಯಿತು. ಮೊದಲ ಸಾಲಂತೂ ಹೆಚ್ಚುಕಡಿಮೆ ಅದೇ.

ಇದು ಅಪಚಾರವೇ? ಒಂದೇ ಸಲದ ಹುಟ್ಟುಹಬ್ಬಕ್ಕೆ ಬರೆದದ್ದು ವ್ಯರ್ಥವಾಗದಿರಲೆಂಬ ಮಿತವ್ಯಯ ಎನ್ನಬಹುದು. ನಮಗೆ ಅಷ್ಟು ಸಾಲದು. ವೈದ್ಯರಾದ ನಮಗೆ ತೋರುವುದು: ಮದ್ದು ಅದೇ, ರೋಗಿ ಬೇರೆ. ಕವಲುದಾರಿಯಲ್ಲಿ ನಿಂತ ಯುವಕನಿಗೆ ನಿದ್ದೆ ಕೇಡು, ಹಸುಗೂಸಿಗೆ ಅದೇ ಬೇಕು. ಆದರೂ ಮೊದಲನೆಯದನ್ನು ಕೇಳಿದ ಕಿವಿಗೆ ಎರಡನೆಯದರಲ್ಲೂ ಆ ಹಳೆಯ ಸೆಳೆತ ತಪ್ಪುವುದಿಲ್ಲ. ಎರಡನ್ನೂ ಒಂದರ ಹಿಂದೊಂದು ಹಾಕಿ ಕೇಳಿ, ಹರ್ಕ್ಯುಲಿಸ್‌ನದು ಮೊದಲು.