ವರ ಕೊಟ್ಟ ದೇವರು, ಕೊಡದ ಪೂಜಾರಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸಾಹೇಬರ ಸಹಿಯಾದ ಕಡತ ಗುಮಾಸ್ತನ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದಾಗ ಜನ ಈ ಗಾದೆ ಆಡುತ್ತಾರೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲೂ ಆಡುತ್ತಾರೆ. ಅಲ್ಲಿ ಅದು ನಡುವೆ ನಿಂತವನ ಮೇಲಿನ ಚುಚ್ಚುಮಾತು. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯ ಯಾವುದಾದರೂ ಕಥೋಲಿಕ ಮನೆಯಲ್ಲಿ, ಬಾಗಿಲ ಮೇಲೆ ಶಿಲುಬೆ ಇರುವ, ಸಂಜೆಯ ಜಪಸರ ಇನ್ನೂ ನಿಂತಿರದ ಮನೆಯಲ್ಲಿ, ಒಬ್ಬ ತಾಯಿ ಇದೇ ಮಾತು ಆಡಿದರೆ ಅದರ ತೂಕವೇ ಬೇರೆ. ಆಕೆ ಪೂಜೆಗೆ ಹೋಗುವುದನ್ನು ಬಿಟ್ಟು ವರ್ಷಗಳಾಗಿರುತ್ತವೆ. ಕೇಳಿದರೆ, "ಮನಸ್ಸು ಬರಾಕಿಲ್ಲ ಕಣವ್ವ, ನಮ್ಮನ್ನ ಅಲ್ಲಿ ಯಾರು ಕೇಳ್ತಾರೆ" ಎನ್ನುತ್ತಾಳೆ.

ಗಾದೆಯ ಮೊದಲರ್ಧವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಪೂಜಾರಿಯ ಮೇಲಿನ ದೂರು ಕಿವಿಗೆ ಬೀಳುತ್ತದೆ, ದೇವರ ಮೇಲಿನ ನಂಬಿಕೆ ಬೀಳುವುದಿಲ್ಲ. ಈ ಮಾತು ಆಡುವವರಿಗೆ ದೇವರು ಕೊಟ್ಟಿದ್ದಾನೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ವರ ಸಿಕ್ಕಿಯಾಗಿದೆ, ತನ್ನ ಕೈಗೆ ಬಂದಿಲ್ಲ, ಅಷ್ಟೇ. ಕೆರೆ ತುಂಬಿದ್ದೂ ಗದ್ದೆ ಒಣಗಿದರೆ ರೈತ ಕೆರೆಯನ್ನು ಬೈಯುವುದಿಲ್ಲ, ತೂಬು ತೆಗೆಯದ ನೀರುಗಂಟಿಯನ್ನು ಕೇಳುತ್ತಾನೆ. ಕೆರೆ ಬತ್ತಿದೆ ಎಂದು ನಂಬಿದವನು ನೀರುಗಂಟಿಯ ಮನೆ ಬಾಗಿಲಿಗೆ ಹೋಗುವುದೂ ಇಲ್ಲ. ಧರ್ಮಸಭೆಯಿಂದ ದೂರ ಸರಿದವರನ್ನು 'ವಿಶ್ವಾಸ ಕಳೆದುಕೊಂಡವರು' ಎಂದು ಕರೆದುಬಿಡುವ ನಮ್ಮ ಅಭ್ಯಾಸ ತಪ್ಪು ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ. ನೋವಿನಿಂದ ದೂರುವವರ ದೂರಿನೊಳಗೆ ವಿಶ್ವಾಸ ಇದ್ದೇ ಇರುತ್ತದೆ.

ಜರ್ಮನಿಯಲ್ಲಿ ಚರ್ಚು ಬಿಡುವುದಕ್ಕೆ ಕಾಗದಪತ್ರವಿದೆ. ಅಲ್ಲಿ ಚರ್ಚಿನ ತೆರಿಗೆ ಇರುವುದರಿಂದ ಸರ್ಕಾರಿ ಕಚೇರಿಗೆ ಹೋಗಿ ಹೆಸರು ತೆಗೆಸಬೇಕು. 2022ರ ಒಂದೇ ವರ್ಷದಲ್ಲಿ 5,22,000ಕ್ಕೂ ಹೆಚ್ಚು ಕಥೋಲಿಕರು ಹೀಗೆ ಹೊರಬಂದರು. ನಮ್ಮಲ್ಲಿ ಅಂಥ ಕಾಗದವೂ ಇಲ್ಲ, ಲೆಕ್ಕವೂ ಇಲ್ಲ. ಮೊದಲು ಭಾನುವಾರಗಳು ತಪ್ಪುತ್ತವೆ. ಆಮೇಲೆ ಕ್ರಿಸ್‌ಮಸ್, ಈಸ್ಟರ್, ಊರಹಬ್ಬ ಮಾತ್ರ ಉಳಿಯುತ್ತವೆ. ಕೊನೆಗೆ ಮದುವೆ, ಮಣ್ಣು. ಆದರೆ ಅದೇ ಮನೆಯವರು ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ ಬಸ್ ಹತ್ತಿ ಶಿವಾಜಿನಗರದ ಬೆಸಿಲಿಕಕ್ಕೆ ಹೋಗುತ್ತಾರೆ. ವಿವೇಕನಗರದ ಬಾಲ ಯೇಸುವಿಗೆ ಗುರುವಾರದ ಹರಕೆ ತೀರಿಸುತ್ತಾರೆ. ಆ ಜನಸಾಗರದಲ್ಲಿ ಯಾರೂ ಇವರ ಹೆಸರು ಕೇಳುವುದಿಲ್ಲ, ವರ್ಷದ ಕಾಣಿಕೆ ಬಾಕಿಯಿದೆ ಎನ್ನುವುದಿಲ್ಲ, ಮಗಳು ಯಾರನ್ನು ಮದುವೆಯಾದಳು ಎಂದು ವಿಚಾರಿಸುವುದಿಲ್ಲ. ತಮ್ಮೂರಿನ ಗುಡಿಯನ್ನು ಬದಿಗಿಟ್ಟು ನೇರವಾಗಿ ದೇವರ ಬಳಿಗೆ ಹೋಗುವ ದಾರಿ ಅದು. ಇವರನ್ನು ವಿಶ್ವಾಸವಿಲ್ಲದವರು ಎನ್ನಲು ನನಗೆ ಬಾಯಿ ಬಾರದು.

ಈ ಸೀಮೆಯಲ್ಲಿ ಗುರುವಿಗೂ ಭಕ್ತರಿಗೂ ಇರುವ ಸಂಬಂಧಕ್ಕೆ ಒಂದು ಹಳೆಯ ಕಟ್ಟು ಇದೆ. 1876-78ರ ಭೀಕರ ಬರದಲ್ಲಿ ಮೈಸೂರು ಸೀಮೆಯ ಹಳ್ಳಿಗಳು ಬರಿದಾದವು. ತಂದೆತಾಯಿ ಸತ್ತ ಮಕ್ಕಳನ್ನು ಫ್ರೆಂಚ್ ಮಿಷನರಿಗಳು ಎತ್ತಿ ಸಾಕಿದರು, ನೆಲ ಹಿಡಿದು ಊರು ಕಟ್ಟಿದರು. ನೆಲಮಂಗಲದ ಕಡೆಯ ಸಿಲುವೆಪುರ ಹಾಗೆ ಬೆಳೆದ ಊರು. ಇಂಥ ಕಡೆ ಗುರು ಬರೀ ಪೂಜೆ ಮಾಡುವವರಾಗಿರಲಿಲ್ಲ. ಅನ್ನ ಹಾಕಿದವರು, ನೆಲ ಕೊಟ್ಟವರು, ಹೆಣ್ಣು ಗಂಡು ನೋಡಿ ಮದುವೆ ಮಾಡಿಸಿದವರು, ಜಗಳಕ್ಕೆ ನ್ಯಾಯ ಹೇಳಿದವರು. ಆ ಋಣ ದೊಡ್ಡದು, ಅದನ್ನು ಮರೆಯುವವರು ಕೃತಘ್ನರು. ಆದರೆ ಬದುಕಿನ ಎಲ್ಲ ಬಾಗಿಲುಗಳ ಬೀಗದಕೈ ಒಬ್ಬರ ಸೊಂಟದಲ್ಲೇ ಇದ್ದಾಗ, ಅವರ ಒಂದು ಬಿರುನುಡಿ ಮೂರು ತಲೆಮಾರಿಗೆ ನೆನಪಿರುತ್ತದೆ. ಅಜ್ಜನಿಗೆ ಆದ ಅವಮಾನಕ್ಕೆ ಮೊಮ್ಮಗ ಇವತ್ತೂ ಗುಡಿಯ ಹೊರಗೆ ನಿಲ್ಲುವುದು ಹೀಗೆ.

ಭಾಷೆಯ ಕತೆ ಇದಕ್ಕಿಂತ ನೋವಿನದು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನಭಾಷೆಗೆ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ನೋವಾಗುತ್ತಿರಲಿಲ್ಲ. ನಿಮ್ಮ ಭಾಷೆಯಲ್ಲೇ ದೇವರನ್ನು ಕರೆಯಿರಿ ಎಂದ ಕೂಡಲೇ, ಬೆಂಗಳೂರಿನಲ್ಲಿ 'ನಿಮ್ಮ' ಎಂದರೆ ಯಾರು ಎಂಬ ಪ್ರಶ್ನೆ ಎದ್ದಿತು. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿಗೆ ಬಂದ ಮೇಲೆ ಸೈನಿಕರಾಗಿ, ಅವರ ಮನೆಗೆಲಸದವರಾಗಿ, ವ್ಯಾಪಾರಿಗಳಾಗಿ ಬಂದ ತಮಿಳು ಕಥೋಲಿಕರು ನಗರದ ಚರ್ಚುಗಳಲ್ಲಿ ಹೆಚ್ಚಿದ್ದರು. ಸುತ್ತಲಿನ ಹಳ್ಳಿಗಳ ಕನ್ನಡ ಕಥೋಲಿಕರಿಗೆ ತಾವು ತಮ್ಮ ನಾಡಿನಲ್ಲೇ ಅತಿಥಿಗಳಾಗಿದ್ದೇವೆ ಅನ್ನಿಸಿತು. ದೇವರು ಜನಭಾಷೆಯ ವರ ಕೊಟ್ಟ, ಅದು ತಮಗೆ ತಲುಪಲಿಲ್ಲ ಎಂಬುದೇ ಅವರ ದೂರು. ಸಂಘಗಳು ಹುಟ್ಟಿದವು, ಧರಣಿಗಳು ನಡೆದವು, ಮಹಾಧರ್ಮಾಧ್ಯಕ್ಷರ ನಿವಾಸದ ಮುಂದೆ ಘೋಷಣೆಗಳು ಕೇಳಿಬಂದವು.

ನಾನು ಕನ್ನಡದ ಪರ. ಈ ಮಣ್ಣಿನ ಧರ್ಮಸಭೆ ಈ ಮಣ್ಣಿನ ಮಾತಿನಲ್ಲಿ ಉಸಿರಾಡಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ನೂರು ವರ್ಷದಿಂದ ಇದೇ ಊರಿನಲ್ಲಿ ಮಣ್ಣಾದ ಹಿರಿಯರ ಮೊಮ್ಮಗಳು, ತನ್ನ ತಮಿಳು ಪೂಜೆ ನಿಂತುಹೋದಾಗ ಅತ್ತರೆ, ಆಕೆಯ ಬಾಯಲ್ಲೂ ಇದೇ ಗಾದೆ ಇರುತ್ತದೆ. ಒಬ್ಬರ ಪಾಲು ಕೊಡಲು ಇನ್ನೊಬ್ಬರ ಪಾಲು ಕಸಿಯುವುದು ಪೂಜಾರಿಯ ಕೆಲಸ, ದೇವರದ್ದಲ್ಲ.

2013ರ ಈಸ್ಟರ್ ರಾತ್ರಿ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ಅದರ ಮುಖ್ಯಸ್ಥ ಫಾದರ್ ಕೆ.ಜೆ. ಥಾಮಸ್ ಅವರ ಕೊಲೆಯಾಯಿತು. ಸುಮಾರು ಒಂದು ವರ್ಷದ ನಂತರ ಪೊಲೀಸರು ಬಂಧಿಸಿದವರಲ್ಲಿ ಗುರುಗಳೂ ಇದ್ದರು. ಭಾಷೆಯ ಜಗಳದೊಂದಿಗೆ ಆ ಪ್ರಕರಣ ತಳುಕು ಹಾಕಿಕೊಂಡಿತು. ಆರೋಪಗಳ ತೀರ್ಮಾನ ನ್ಯಾಯಾಲಯದ್ದು, ನಾನು ಅದರೊಳಗೆ ಹೋಗುವುದಿಲ್ಲ. ಆ ಸುದ್ದಿ ಹಳ್ಳಿಯ ವಿಶ್ವಾಸಿಗಳಿಗೆ ಏನು ಮಾಡಿತು ಎಂಬುದಷ್ಟೇ ನನ್ನ ಮಾತು. ಎರಡೂ ಕಡೆಯ ಸದ್ದು ಕೇಳಿ ಬೇಸತ್ತಿದ್ದ ಸಾಮಾನ್ಯ ಜನ, ಗುರುಗಳ ನಡುವೆಯೇ ರಕ್ತ ಹರಿಯಿತೆಂಬ ಮಾತು ಕೇಳಿ ಬೆಚ್ಚಿದರು. ಕೆಲವರು ಆ ದಿನದಿಂದ ಪಾಪನಿವೇದನೆಗೆ ಮೊಣಕಾಲೂರುವುದು ಕಷ್ಟವಾಯಿತು ಎನ್ನುತ್ತಾರೆ.

ಈ ನೋವನ್ನು ಬಾಯಿಬಿಟ್ಟು ಹೇಳುವುದು ಇತ್ತೀಚೆಗೆ ಇನ್ನೂ ಕಷ್ಟವಾಗಿದೆ. 2020ರ ಮಾರ್ಚ್‌ನಲ್ಲಿ ದೇವನಹಳ್ಳಿ ತಾಲ್ಲೂಕಿನ ದೊಡ್ಡಸಾಗರಹಳ್ಳಿಯ ಮಹಿಮಾ ಬೆಟ್ಟದ ಮೇಲಿದ್ದ ಯೇಸುವಿನ ಪ್ರತಿಮೆಯನ್ನು ಹೊರಗಿನ ಸಂಘಟನೆಗಳ ಒತ್ತಡದ ನಡುವೆ ಕೆಳಗಿಳಿಸಲಾಯಿತು. ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅದನ್ನು ಖಂಡಿಸಿದರು. ಅಂಥ ಹೊತ್ತಿನಲ್ಲಿ ಗುಡಿಗೆ ಬಾರದವರೂ ಬಂದು ನಿಲ್ಲುತ್ತಾರೆ, ರಕ್ತ ಸಂಬಂಧ ಎಳೆಯುತ್ತದೆ. ಆದರೆ ಗದ್ದಲ ತಣ್ಣಗಾದ ಮೇಲೆ ಅವರ ಹಳೆಯ ದೂರಿಗೆ ಸಿಗುವ ಉತ್ತರ ಒಂದೇ: "ಹೊರಗಿನೋರು ಹೊಡೀತಿರೋವಾಗ ಒಳಗಿನ ಮಾತು ಎತ್ತಬೇಡ." ಹೊರಗಿನ ಅನ್ಯಾಯ ನಿಜ. ಅದರ ನೆರಳಿನಲ್ಲಿ ಒಳಗಿನ ಅನ್ಯಾಯ ಬೆಚ್ಚಗೆ ಮಲಗುವುದೂ ನಿಜ.

ಗುಡಿಗೆ ಹತ್ತಿರದ ವಿಶ್ವಾಸಿಗಳು ಕೊಡುವ ಇನ್ನೊಂದು ಉತ್ತರವಿದೆ: "ಫಾದರ್‌ನ ಯಾಕೆ ನೋಡ್ತೀಯ, ಯೇಸುಸ್ವಾಮೀನ ನೋಡು." ಇದು ಹಗುರ ಮಾತಲ್ಲ. ಉತ್ತರ ಆಫ್ರಿಕಾದಲ್ಲಿ ನಾಲ್ಕನೇ ಶತಮಾನದ ದೊನಾತರ ಪಂಗಡದವರು ಪಾಪಿ ಗುರು ಕೊಟ್ಟ ಸಂಸ್ಕಾರ ನಡೆಯದು ಎಂದಾಗ, ಸಂತ ಅಗಸ್ಟೀನರು ಕೊಡುವವನು ಕ್ರಿಸ್ತನೇ, ಗುರುವಿನ ಯೋಗ್ಯತೆ ಅದಕ್ಕೆ ಅಡ್ಡಿಯಾಗದು ಎಂದು ವಾದಿಸಿದರು. ಕಥೋಲಿಕ ಬೋಧನೆ ಅಂದರೆ ನಮ್ಮ ಗಾದೆಯ ತಿರುವುಮುರುವು: ಪೂಜಾರಿ ಎಂಥವನಾದರೂ ದೇವರು ಕೊಟ್ಟೇ ಕೊಡುತ್ತಾನೆ. ಎಷ್ಟು ದೊಡ್ಡ ಸಮಾಧಾನ! ಆದರೆ ಅಗಸ್ಟೀನರು ಇದನ್ನು ಹೇಳಿದ್ದು ಭಕ್ತರು ಧೈರ್ಯಗೆಡದಿರಲಿ ಎಂದು, ಗುರುಗಳು ಉತ್ತರ ಕೊಡದಿರಲಿ ಎಂದಲ್ಲ. ನೊಂದವರ ಬಾಯಿ ಮುಚ್ಚಿಸಲು ಈ ಬೋಧನೆಯನ್ನು ಬಳಸುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಧರ್ಮಸಭೆಯ ಕಾನೂನೇ ಗಾದೆಗೆ ಬೇರೆ ಉತ್ತರ ಕೊಟ್ಟಿದೆ, ಅದು ನಮ್ಮ ಪ್ರಸಂಗಗಳಲ್ಲಿ ಕಿವಿಗೆ ಬೀಳುವುದು ಅಪರೂಪ. 1983ರ ಸಂಹಿತೆಯ 213ನೇ ವಿಧಿಯ ಪ್ರಕಾರ ದೇವರ ವಾಕ್ಯ ಮತ್ತು ಸಂಸ್ಕಾರಗಳ ನೆರವನ್ನು ತಮ್ಮ ಪಾಲಕರಿಂದ ಪಡೆಯುವುದು ವಿಶ್ವಾಸಿಗಳ ಹಕ್ಕು. ಗುರು ದಯೆಯಿಂದ ಕೊಡುವುದಲ್ಲ ಅದು. 212ನೇ ವಿಧಿ ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಎನ್ನುತ್ತದೆ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂದು 848ನೇ ವಿಧಿ, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎಂದು 1287ನೇ ವಿಧಿ. ಕಾಣಿಕೆ ಬಾಕಿ ಇರುವ ಮನೆಯ ಸಾವಿನಲ್ಲಿ ಗುಡಿಯ ಗಂಟೆ ಹೊಡೆಯಲು ಹಿಂದುಮುಂದು ನೋಡುವವರು ಈ ವಿಧಿಗಳನ್ನು ಓದಬೇಕು.

ಪೂಜಾರಿ ಎಂದಾಗ ಫಾದರ್ ಒಬ್ಬರನ್ನೇ ನೋಡುವುದೂ ಅನ್ಯಾಯ. ಹತ್ತಾರು ಹಳ್ಳಿಗಳನ್ನು ಒಬ್ಬರೇ ಸುತ್ತುವ, ಒಂದೇ ಭಾನುವಾರ ಮೂರು ಕಡೆ ಪೂಜೆ ಮಾಡುವ ಗುರುಗಳು ನಮ್ಮಲ್ಲಿದ್ದಾರೆ. ನಡುವೆ ನಿಂತು ತಡೆಯುವವರು ಎಷ್ಟೋ ಸಲ ನಾವೇ, ಶ್ರೀಸಾಮಾನ್ಯರು. ಮುಂದಿನ ಬೆಂಚು ತಮ್ಮದೆಂದುಕೊಂಡ ಮನೆತನಗಳು, ತೇರಿನ ಹಗ್ಗ ಮೊದಲು ಯಾರು ಹಿಡಿಯಬೇಕೆಂದು ತೀರ್ಮಾನಿಸುವ ಹಿರಿಯರು, ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಕಡೆ ಎದ್ದ ಅಪಾರ್ಟ್‌ಮೆಂಟುಗಳಿಂದ ಬಂದು ಇಂಗ್ಲಿಷ್ ಪೂಜೆಗೆ ಒಳ್ಳೆಯ ಸಮಯ ಕೇಳುವ ಹೊಸಬರು. ಇನ್ನೂ ಆಳದಲ್ಲಿ ಜಾತಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ದೇಶದ 1.9 ಕೋಟಿ ಕಥೋಲಿಕರಲ್ಲಿ 1.2 ಕೋಟಿ ಜನ ದಲಿತರು, ಆದರೆ ನಾಯಕತ್ವದಲ್ಲಿ ಅವರಿಗೆ ಸಿಕ್ಕ ಜಾಗ ತೀರಾ ಕಡಿಮೆ ಎಂದು ತಾನೇ ಒಪ್ಪಿಕೊಂಡಿತು. 1950ರ ರಾಷ್ಟ್ರಪತಿ ಆದೇಶದಿಂದಾಗಿ ಈ ಜನಕ್ಕೆ ಪರಿಶಿಷ್ಟ ಜಾತಿಯ ಸೌಲಭ್ಯವೂ ಇಲ್ಲ. ಅತ್ತ ಸರ್ಕಾರ ಕೊಡದು, ಇತ್ತ ಗುಡಿಯವರು ಕೊಡರು. ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರ್ ಹೆಸರು ಹಿಡಿದು ಕರೆದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ, ಆ ಕೈಯ ಬಿಸುಪಿಗೆ ಅವರು ಹೋದರೆ ಅದನ್ನು ಆಮಿಷ ಎಂದು ಹೇಗೆ ಕರೆಯುವುದು?

2021ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಆರಂಭಿಸಿದ ಸಿನೊಡಿನ, ಅಂದರೆ ಧರ್ಮಸಭೆಯ ಸಮಾಲೋಚನೆಯ, ಮೊದಲ ಹಂತದಲ್ಲಿ, ದೂರ ಹೋದವರ ಮಾತನ್ನೂ ಕೇಳಿಸಿಕೊಳ್ಳಿ ಎಂದು ಲೋಕದ ಎಲ್ಲ ಧರ್ಮಕ್ಷೇತ್ರಗಳಿಗೆ ಸೂಚನೆ ಬಂದಿತ್ತು. ಆದರೆ ಭಾನುವಾರದ ಪೂಜೆ ಮುಗಿದ ಮೇಲೆ ಸಭೆ ಕರೆದರೆ ಪೂಜೆಗೆ ಬಂದವರೇ ಕೂರುತ್ತಾರೆ. ಬಾರದವರ ಮಾತು ಬೇಕಿದ್ದರೆ ಅವರ ಮನೆಗೇ ಹೋಗಬೇಕು. ಇದನ್ನು ಮಾಡುತ್ತಿರುವ ವಿಶ್ವಾಸಿಗಳು ನಮ್ಮ ನಡುವೆ ಇದ್ದಾರೆ: ಮರಿಯಳ ಸೇನೆಯ ಹೆಂಗಸರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಹಳೆಯ ಉಪದೇಶಿಗಳು. ಅವರಲ್ಲಿ ಬಲ್ಲವರು "ಯಾಕೆ ಪೂಜೆಗೆ ಬರ್ತಿಲ್ಲ" ಎಂದು ಮಾತು ತೆಗೆಯುವುದಿಲ್ಲ. ಮಗನ ಕೆಲಸ, ಸೊಸೆಯ ಬಾಣಂತನ, ಸೊಂಟನೋವು, ಹೀಗೆ ಮಾತು ಬೆಳೆದು ಎಷ್ಟೋ ಹೊತ್ತಿನ ಮೇಲೆ ಆ ಹಳೆಯ ಗಾಯ ತಾನಾಗಿ ಹೊರಗೆ ಬರುತ್ತದೆ.

ಆದರೆ ಅಲ್ಲಿಗೇ ಅದು ನಿಂತುಹೋಗುತ್ತದೆ ಎಂಬುದು ನನ್ನ ಕೊರಗು. ಕೇಳಿಸಿಕೊಂಡ ಅಕ್ಕ ಕಣ್ಣೊರೆಸಿಕೊಂಡು ಬರುತ್ತಾರೆ, ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಹಬ್ಬದ ಪೆಂಡಾಲಿನ ಮಾತೇ ನಡೆಯುತ್ತದೆ. ಆ ಮನೆಯ ಒಪ್ಪಿಗೆ ಪಡೆದು ಆ ದೂರನ್ನು ಸಭೆಯಲ್ಲಿ ಓದಬೇಕು, ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಮುಂದಿನ ಸಭೆಯಲ್ಲಿ ಏನಾಯಿತೆಂದು ಗುರುಗಳನ್ನೂ, ನಮ್ಮನ್ನು ನಾವೂ ಕೇಳಬೇಕು. ಲೆಕ್ಕದ ತಕರಾರಾದರೆ ಲೆಕ್ಕ ತೋರಿಸುವುದು, ಅವಮಾನವಾಗಿದ್ದರೆ ಮಾಡಿದವರೇ ಆ ಮನೆಗೆ ಹೋಗಿ ಕ್ಷಮೆ ಕೇಳುವುದು, ಸತ್ತವರಿಗೆ ತಪ್ಪಿದ ಪೂಜೆಯಾದರೆ ಆ ಹೆಸರು ಹೇಳಿ ಪೂಜೆ ಅರ್ಪಿಸುವುದು.